ಗುತ್ತಿಯ ನೀಲಿ ಜೇಡ ಯಾವ ಮನೆತನದ್ದು?



ಮಳೆಗಾಲ ಶುರುವಾದರೆ ಸಾಕು, ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಬಗೆಯ ಫೋಟೊ ಬಂದೇ ಬರುತ್ತದೆ. ವಯನಾಡಿನವರೋ, ತಾಳವಾಡಿಯವರೋ, ನೀಲಗಿರಿಯವರೋ ಕಳಿಸಿರುತ್ತಾರೆ. ಗೋಡೆಯ ಮೇಲೆ ಅಂಗೈ ಅಗಲದ, ಮೈತುಂಬ ರೋಮವಿರುವ ಜೇಡ. ಕೆಳಗೆ "ಇದು ಕಚ್ಚಿದರೆ ಮನುಷ್ಯ ಉಳಿಯುವುದಿಲ್ಲ, ಎಲ್ಲರಿಗೂ ತಿಳಿಸಿ" ಎಂಬ ಒಕ್ಕಣೆ. ಸ್ವಲ್ಪ ಹೊತ್ತಿಗೆ ಎರಡನೆಯ ಫೋಟೊ. ಅದರಲ್ಲಿ ಜೇಡ ಪೊರಕೆಯ ಪಕ್ಕದಲ್ಲಿ ಸತ್ತು ಬಿದ್ದಿರುತ್ತದೆ. "ಕಾರ್ಯದರ್ಶಿಗಳೇ, ಇದರ ಹೆಸರೇನು?" ಎಂದು ಕೆಲವರು ಕೇಳುತ್ತಾರೆ.

ಹೆಸರು ಹೇಳುವ ಮೊದಲು ಅದು ಯಾವ ಮನೆತನಕ್ಕೆ ಸೇರಿದ್ದು ಎಂದು ತಿಳಿಯಬೇಕು. ಈ ಸಂಚಿಕೆಯಲ್ಲಿ ಕಾರ್ಯಕ್ರಮಗಳ ಪಟ್ಟಿಯ ಜೊತೆಗೆ ಆ ವಿಷಯವನ್ನು ಬರೆಯುತ್ತಿದ್ದೇನೆ. ವಿಷಯ ನಮ್ಮ ಗಡಿನಾಡಿಗೆ ದೂರದ್ದಲ್ಲ. ಈ ಮನೆತನದ ಅತ್ಯಂತ ಹೆಸರುವಾಸಿ ಸದಸ್ಯನ ಹೆಸರಿನೊಂದಿಗೆ ಆದೋನಿ ಕಡೆಯ ನಮ್ಮವರೆಲ್ಲ ಬಲ್ಲ ಗುತ್ತಿ ಊರು ಸೇರಿಕೊಂಡಿದೆ.

ಟರಾಂಟುಲ ಎಂಬ ಹೆಸರು

ಈ ಜೇಡಗಳನ್ನು ಪತ್ರಿಕೆಗಳು "ಟರಾಂಟುಲ" ಎನ್ನುತ್ತವೆ. ಹೆಸರು ಇಟಲಿಯ ಟರಾಂಟೊ ಊರಿನಿಂದ ಬಂದದ್ದು. ಆದರೆ ಅಲ್ಲಿ ಮೊದಲು ಆ ಹೆಸರು ಪಡೆದ ಜೇಡವೇ ಬೇರೆ, ಅದು ತೋಳ ಜೇಡಗಳ ಗುಂಪಿನದು. ಯುರೋಪಿನವರು ಅಮೆರಿಕಾ ಖಂಡಕ್ಕೆ ಹೋಗಿ ದೊಡ್ಡ ರೋಮದ ಜೇಡಗಳನ್ನು ಕಂಡಾಗ ಅದೇ ಹೆಸರಿನಿಂದ ಕರೆದರು. ಇಂದು ಹೆಸರಿನ ಮೂಲ ಒಡೆಯ ಮರೆಗೆ ಸರಿದು, ದೂರದ ನೆಂಟನಿಗೆ ಹೆಸರು ಉಳಿದಿದೆ.

ನಮ್ಮ "ಜೇಡ" ಪದಕ್ಕೂ ಒಂದು ಹಿನ್ನೆಲೆ ಇದೆ. ಜೇಡನೆಂದರೆ ನೇಯುವವನು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಇದೇ ಪದ. ಆದರೆ ನಾವು ಮಾತಾಡುತ್ತಿರುವ ಕುಟುಂಬ ಚಕ್ರದಂಥ ಬಲೆಯನ್ನು ನೇಯುವುದೇ ಇಲ್ಲ. ನೂಲು ಇದೆ. ಬಿಲದ ಗೋಡೆಗೆ ಹಾಸಲು, ಮೊಟ್ಟೆಯ ಚೀಲ ಕಟ್ಟಲು, ಮರದ ಪೊಟರೆಯ ಬಾಯಿಗೆ ತೆರೆ ಕಟ್ಟಲು ಅದನ್ನು ಬಳಸುತ್ತದೆ. ಬೇಟೆಯನ್ನು ಬಲೆಗೆ ಬೀಳಿಸುವುದಿಲ್ಲ, ಮೇಲೆ ಎರಗಿ ಹಿಡಿಯುತ್ತದೆ.

ದೊಡ್ಡ ವಿಂಗಡಣೆ

ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ಜೇಡ ಪ್ರಭೇದಗಳು 50,000ಕ್ಕೂ ಹೆಚ್ಚು. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯ ಇವುಗಳ ವಿಶ್ವ ಪಟ್ಟಿಯನ್ನು ಇಟ್ಟುಕೊಂಡು ಬರುತ್ತಿದೆ. ಹೊಟ್ಟೆಯ ಮೇಲೆ ಪಟ್ಟಿಪಟ್ಟಿಯಾದ ಹಲಗೆಗಳಿರುವ ಒಂದು ಸಣ್ಣ ಪುರಾತನ ಗುಂಪನ್ನು ಬಿಟ್ಟರೆ ಉಳಿದವೆಲ್ಲ ಎರಡು ಪಾಲಾಗುತ್ತವೆ. ಮನೆಯ ಮೂಲೆಯಲ್ಲಿ, ಬೇಲಿಯಲ್ಲಿ ನಾವು ದಿನವೂ ಕಾಣುವವು ಅರೇನಿಯೊಮಾರ್ಫ್‌ಗಳು. ನಮ್ಮ ವಾಟ್ಸಾಪ್ ಫೋಟೊದವು ಮೈಗಲೊಮಾರ್ಫ್‌ಗಳು. ಇವುಗಳಲ್ಲಿ 3,000ಕ್ಕೂ ಹೆಚ್ಚು ಪ್ರಭೇದಗಳಿವೆ.

ವ್ಯತ್ಯಾಸ ಕಾಣುವುದು ಹಲ್ಲಿನಲ್ಲಿ. ಮನೆಜೇಡದ ವಿಷದ ಹಲ್ಲುಗಳು ಇಕ್ಕಳದ ಹಾಗೆ ಎರಡು ಕಡೆಯಿಂದ ಬಂದು ಕೂಡುತ್ತವೆ. ಮೈಗಲೊಮಾರ್ಫ್‌ಗಳ ಹಲ್ಲುಗಳು ಜೋಡಿ ಪಿಕಾಸಿಯಂತೆ ಸಮಾನಾಂತರವಾಗಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಎರಡನೆಯ ಗುರುತು ಉಸಿರಾಟದ್ದು. ಪುಸ್ತಕದ ಹಾಳೆಗಳಂತೆ ಪದರ ಪದರವಾಗಿರುವ ಶ್ವಾಸಕೋಶಗಳು ಇವುಗಳಿಗೆ ಎರಡು ಜೊತೆ. ಮನೆಜೇಡಗಳಲ್ಲಿ ಹೆಚ್ಚಿನವಕ್ಕೆ ಒಂದೇ ಜೊತೆ. ಮೂರನೆಯದು ಆಯುಸ್ಸು. ಇವುಗಳಲ್ಲಿ ಹೆಣ್ಣು ಬಹಳ ವರ್ಷ ಬದುಕುತ್ತದೆ. ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಿಂದ ಗಮನಿಸುತ್ತ ಬಂದ, 16ನೇ ನಂಬರು ಎಂದು ಗುರುತಿಸಿದ್ದ ಒಂದು ಹೆಣ್ಣು ಜೇಡ 43 ವರ್ಷ ಬದುಕಿತ್ತು. ಗಂಡಿನ ಪಾಡು ಹಾಗಲ್ಲ. ಪ್ರಾಯಕ್ಕೆ ಬಂದ ಮೇಲೆ ಬಿಲ ಬಿಟ್ಟು ಹೆಣ್ಣನ್ನು ಹುಡುಕುತ್ತ ಅಲೆದು ಹೆಚ್ಚು ಕಾಲ ಉಳಿಯದೆ ಸಾಯುತ್ತದೆ. ನಮ್ಮ ಮನೆಯ ಗೋಡೆಗೆ ಬರುವುದು ಹೆಚ್ಚಾಗಿ ಹೀಗೆ ಅಲೆಯುವ ಗಂಡೇ.

ಥೆರಫೋಸಿಡೇ ಕುಟುಂಬ

ಒಂದು ಸಣ್ಣ ಸೂತ್ರ ನೆನಪಿಟ್ಟುಕೊಳ್ಳಿ. ಪ್ರಾಣಿಗಳ ವಿಷಯದಲ್ಲಿ "ಇಡೇ" ಎಂದು ಮುಗಿಯುವ ಹೆಸರು ಕುಟುಂಬದ್ದು, "ಇನೇ" ಎಂದು ಮುಗಿಯುವುದು ಉಪಕುಟುಂಬದ್ದು. ಅದರ ಕೆಳಗೆ ಕುಲ, ಕುಲದ ಕೆಳಗೆ ಪ್ರಭೇದ. ನಮ್ಮ ದೊಡ್ಡ ರೋಮದ ಜೇಡಗಳ ಕುಟುಂಬ ಥೆರಫೋಸಿಡೇ. 1869ರಲ್ಲಿ ಸ್ವೀಡನ್ನಿನ ಟಾಮರ್ಲಾನ್ ಥೊರೆಲ್ ಈ ಕುಟುಂಬವನ್ನು ಸ್ಥಾಪಿಸಿದರು. ಇಂದು ಇದರಲ್ಲಿ 1,000ಕ್ಕೂ ಹೆಚ್ಚು ಪ್ರಭೇದಗಳಿವೆ. ಮೈಗಲೊಮಾರ್ಫ್‌ಗಳಲ್ಲಿ ಇದೇ ಅತಿ ದೊಡ್ಡ ಕುಟುಂಬ.

ಮೈಗಾತ್ರ ನೋಡಿ ಈ ಕುಟುಂಬಕ್ಕೆ ಸೇರಿಸುವುದಿಲ್ಲ. ಪಾದದ ತುದಿಯಲ್ಲಿ ಉಗುರುಗಳ ಕೆಳಗೆ ಒತ್ತಾದ ರೋಮದ ಗೊಂಚಲು ಇರಬೇಕು. ನುಣುಪಾದ ಗೋಡೆಯನ್ನೂ ಇವು ಹತ್ತುವುದು ಆ ಗೊಂಚಲಿನ ಬಲದಿಂದ. ಎಂಟು ಕಣ್ಣುಗಳು ತಲೆಯ ಮೇಲಿನ ಒಂದೇ ಸಣ್ಣ ದಿಬ್ಬದಲ್ಲಿ ಗುಂಪಾಗಿರಬೇಕು. ಹಿಂಭಾಗದಲ್ಲಿ ನೂಲು ಬಿಡುವ ಅಂಗದ ಕೊನೆಯ ಗೆಣ್ಣು ಬೆರಳಿನ ಹಾಗೆ ಉದ್ದವಾಗಿರಬೇಕು. ಹತ್ತಿರದ ನೆಂಟರಾದ ಬಾರಿಕೆಲಿಡೇ ಕುಟುಂಬದವಕ್ಕೂ ಪಾದದ ಗೊಂಚಲು ಇದೆ, ಆದರೆ ಆ ಗೆಣ್ಣು ಮೊಂಡಾಗಿ ಗುಂಡಗಿರುತ್ತದೆ. ಬಿಲಕ್ಕೆ ಮಣ್ಣಿನ ಬಾಗಿಲು ಮಾಡಿಕೊಳ್ಳುವ ಇಡಿಯೊಪಿಡೇ ಕುಟುಂಬದವಕ್ಕೆ ಗೊಂಚಲೇ ಇಲ್ಲ. ಅದರ ಬದಲು ದವಡೆಯಲ್ಲಿ ಮಣ್ಣು ಕೆರೆಯುವ ಮುಳ್ಳಿನ ಸಾಲು ಇರುತ್ತದೆ.

ದಾಖಲೆ ಕೋಣೆಯ ಲೆಕ್ಕ

ಗುಮಾಸ್ತಿಕೆಯಲ್ಲಿ ಜೀವನ ಕಳೆದ ನನಗೆ ಈ ಶಾಸ್ತ್ರ ಹಿಡಿಸಿದ್ದು ಅದರ ದಾಖಲೆ ಪದ್ಧತಿಯಿಂದ. ಹೊಸ ಪ್ರಭೇದಕ್ಕೆ ಹೆಸರಿಡುವವರು ಒಂದು ಮಾದರಿಯನ್ನು ವಸ್ತುಸಂಗ್ರಹಾಲಯದಲ್ಲಿ ಇಡಬೇಕು. ಅದು ಮೂಲ ಪತ್ರ. ಸಿಕ್ಕಿದ ಊರನ್ನು ಬರೆಯಬೇಕು. ಒಂದೇ ಪ್ರಾಣಿಗೆ ಇಬ್ಬರು ಹೆಸರಿಟ್ಟಿದ್ದರೆ ಸಾಮಾನ್ಯವಾಗಿ ಮೊದಲಿನದು ಊರ್ಜಿತ, ಎರಡನೆಯದು ರದ್ದು. ಬೇರೆ ಪ್ರಾಣಿಗೆ ಆಗಲೇ ಕೊಟ್ಟಿರುವ ಕುಲದ ಹೆಸರನ್ನು ಮತ್ತೆ ಕೊಡುವಂತಿಲ್ಲ.

ಮೈಗಲೊಮಾರ್ಫ್ ಎಂಬ ಪದದಲ್ಲಿಯೇ ಇದರ ಗುರುತು ಉಳಿದಿದೆ. ಮೊದಲು ಈ ಜೇಡಗಳ ಕುಲಕ್ಕೆ ಮೈಗಲೆ ಎಂಬ ಹೆಸರಿತ್ತು. ಗ್ರೀಕ್ ಭಾಷೆಯಲ್ಲಿ ಅದು ಸುಂಡಿಲಿಯ ಹೆಸರು. ಆದರೆ ಅಷ್ಟರಲ್ಲಾಗಲೇ ಇಲಿಯಂಥ ಒಂದು ಸಸ್ತನಿಗೆ ಆ ಹೆಸರು ದಾಖಲಾಗಿತ್ತು. ಹೀಗಾಗಿ ಜೇಡದ ಕುಲದಿಂದ ಆ ಹೆಸರನ್ನು ತೆಗೆಯಬೇಕಾಯಿತು. ದೊಡ್ಡ ಗುಂಪಿನ ಹೆಸರಿನಲ್ಲಿ ಮಾತ್ರ ಅದು ಉಳಿದುಕೊಂಡಿತು.

ಭಾರತದ ಜೇಡಗಳ ದಾಖಲೆಯಲ್ಲಿ ಮತ್ತೆ ಮತ್ತೆ ಬರುವ ಹೆಸರು ರೆಜಿನಾಲ್ಡ್ ಇನ್ಸ್ ಪೊಕಾಕ್. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದ ಇವರು 1899ರಲ್ಲಿಯೇ ನಮ್ಮ ಭಾಗದ ಹಲವು ಪ್ರಭೇದಗಳಿಗೆ ಹೆಸರಿಟ್ಟರು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಿಂದ ತ್ರಿಗ್ಮೊಪಿಯಸ್ ಕುಲದವು, ನೀಲಗಿರಿಯಿಂದ ಹ್ಯಾಪ್ಲೊಕ್ಲಾಸ್ಟಸ್ ನೀಲಗಿರಿನಸ್. ಅದಕ್ಕೂ ಮೊದಲೇ, 1895ರಲ್ಲಿ, ಪಶ್ಚಿಮ ಘಟ್ಟದ ಮರಜೇಡ ಪೊಸಿಲೊಥೀರಿಯ ಸ್ಟ್ರಿಯಾಟಕ್ಕೆ ಹೆಸರು ಕೊಟ್ಟಿದ್ದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಗ್ರೇವ್ಲಿ 1915ರಲ್ಲಿ ಆ ಕೆಲಸ ಮುಂದುವರಿಸಿದರು. ಈಚೆಗೆ ನಮ್ಮ ದೇಶದವರೇ ಹೆಸರಿಡುತ್ತಿದ್ದಾರೆ. ನಿಯೊಹೆಟೆರೊಫ್ರಿಕ್ಟಸ್ ಉತ್ತರಕನ್ನಡ ಎಂಬ ಪ್ರಭೇದ 2012ರಲ್ಲಿ ದಾಖಲಾಯಿತು. ಗೋವಾ ಗಡಿಗೆ ಹತ್ತಿರದ ಅಂಬೋಲಿ ಘಟ್ಟದ ಹೆಸರಿನ ಅದರ ದಾಯಾದಿ 2014ರಲ್ಲಿ ಬಂತು. ಪ್ರಾಂತಗಳು ಹೋದವು, ಗಡಿಗಳು ಬದಲಾದವು. ಆದರೆ ಜೇಡಕ್ಕೆ ಇಟ್ಟ ಊರಿನ ಹೆಸರನ್ನು ಯಾವ ಪುನರ್ವಿಂಗಡಣೆಯೂ ಬದಲಿಸಲಿಲ್ಲ.

ಉಪಕುಟುಂಬಗಳು ಮತ್ತು ಈಗಿನ ತಿದ್ದುಪಡಿ

ಥೆರಫೋಸಿಡೇಯ ಒಳಗೆ ಹಲವು ಉಪಕುಟುಂಬಗಳಿವೆ. ಅಮೆರಿಕಾ ಖಂಡದ ಥೆರಫೋಸಿನೇ ಗುಂಪಿನವು ಹೊಟ್ಟೆಯ ಮೇಲಿನ ತುರಿಕೆ ರೋಮವನ್ನು ಶತ್ರುವಿನತ್ತ ಉದುರಿಸುತ್ತವೆ. ನಮ್ಮ ದೇಶದವಕ್ಕೆ ಅಂಥ ರೋಮವಿಲ್ಲ. ಆದ್ದರಿಂದ "ರೋಮ ಕಣ್ಣಿಗೆ ಎರಚುತ್ತದೆ" ಎಂಬ ಎಚ್ಚರಿಕೆ ನಮ್ಮ ಜೇಡಕ್ಕೆ ಅನ್ವಯಿಸುವುದಿಲ್ಲ. ಏಷ್ಯಾದ ಸೆಲೆನೊಕಾಸ್ಮಿನೇ ಗುಂಪಿನವು ಬಾಯಿಯ ಬಳಿಯ ಗಟ್ಟಿ ರೋಮಗಳನ್ನು ಉಜ್ಜಿ ಬುಸುಗುಡುತ್ತವೆ. ತ್ರಿಗ್ಮೊಪಿನೇ ಗುಂಪು ಭಾರತದ್ದು, ಅದರ ಬಹುಪಾಲು ಪಶ್ಚಿಮ ಘಟ್ಟದಲ್ಲಿದೆ. ಯೂಮೆನೊಫೊರಿನೇ ಗುಂಪಿನ ನೆಂಟರು ಭಾರತದಲ್ಲೂ ಇದ್ದಾರೆ, ಆಫ್ರಿಕಾದಲ್ಲೂ ಇದ್ದಾರೆ.

ಸಮುದ್ರದ ಆಚೆ ಈಚೆ ನೆಂಟಸ್ತಿಕೆ ಹೇಗೆ? ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕಾ ಎಲ್ಲ ಒಂದೇ ಭೂಖಂಡವಾಗಿದ್ದ ಗೊಂಡ್ವಾನ ಕಾಲದ ಕುಟುಂಬ ಇದು. 2021ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನ ಇದನ್ನೇ ಹೇಳಿತು. ಒಡೆದು ತೇಲಿ ಬಂದ ಭಾರತದ ನೆಲದ ಮೇಲೆ ಈ ಜೇಡಗಳೂ ಬಂದವು, ಭಾರತ ಏಷ್ಯಾಕ್ಕೆ ಕೂಡಿದ ಮೇಲೆ ಇಲ್ಲಿಂದ ಎರಡು ಬೇರೆ ಬೇರೆ ಸಲ ಪೂರ್ವದ ಕಡೆಗೆ ಹರಡಿದವು ಎಂಬುದು ಅದರ ನಿರ್ಣಯ.

ವಂಶವಾಹಿ ಪರೀಕ್ಷೆ ಬಂದ ಮೇಲೆ ಹಳೆಯ ಕಡತಗಳೆಲ್ಲ ಮತ್ತೆ ತೆರೆದಿವೆ. 1985ರಲ್ಲಿ ರಾಬರ್ಟ್ ರೇವನ್ ಮೈಗಲೊಮಾರ್ಫ್‌ಗಳನ್ನು ಅಂಗರಚನೆಯ ಆಧಾರದಲ್ಲಿ 15 ಕುಟುಂಬಗಳಾಗಿ ವಿಂಗಡಿಸಿದ್ದರು. ಅದೇ ಬಹುಕಾಲ ಆಧಾರ ಗ್ರಂಥವಾಗಿತ್ತು. 2020ರಲ್ಲಿ ಬಂದ ದೊಡ್ಡ ಪರಿಷ್ಕರಣೆಯಲ್ಲಿ ಡಿಪ್ಲುರಿಡೇ, ನೆಮೆಸಿಡೇ ಎಂಬ ಹಳೆಯ ಕೂಡುಕುಟುಂಬಗಳು ಒಡೆದು ಹಿಸ್ಸೆಯಾದವು. ಥೆರಫೋಸಿಡೇ ಒಡೆಯಲಿಲ್ಲ. ಆದರೆ ಅದರೊಳಗಿನ ಉಪಕುಟುಂಬಗಳ ಗಡಿಗಲ್ಲುಗಳು ಇನ್ನೂ ಗಟ್ಟಿಯಾಗಿಲ್ಲ. ಪೊಸಿಲೊಥೀರಿಯವನ್ನು ಕೆಲವರು ಸೆಲೆನೊಕಾಸ್ಮಿನೇಗೆ ಸೇರಿಸುತ್ತಾರೆ, ಕೆಲವರು ಪ್ರತ್ಯೇಕ ಉಪಕುಟುಂಬವಾಗಿ ಇಡುತ್ತಾರೆ.

ಗುತ್ತಿಯ ಜೇಡ

ಈ ಪೊಸಿಲೊಥೀರಿಯ ಕುಲ ಭಾರತ ಮತ್ತು ಶ್ರೀಲಂಕಾದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಮರದ ಪೊಟರೆ, ಸಡಿಲ ತೊಗಟೆಯ ಕೆಳಗೆ ಇವುಗಳ ವಾಸ. ಪ್ರಭೇದಗಳನ್ನು ಗುರುತಿಸಲು ಕಾಲುಗಳ ಒಳಮೈಯ ಹಳದಿ, ಕಪ್ಪು ಪಟ್ಟೆಗಳನ್ನು ಮುಖ್ಯವಾಗಿ ನೋಡುತ್ತಾರೆ.

1899ರಲ್ಲಿ ಗುತ್ತಿಯ ರೈಲ್ವೆ ಮರದ ಅಡ್ಡೆಯಲ್ಲಿ ಸಿಕ್ಕಿದ ಒಂದು ಜೇಡಕ್ಕೆ ಪೊಕಾಕ್ ಪೊಸಿಲೊಥೀರಿಯ ಮೆಟಾಲಿಕ ಎಂದು ಹೆಸರಿಟ್ಟರು. ಮೈಯೆಲ್ಲ ಹೊಳೆಯುವ ನೀಲಿ. ಆ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ, ರೋಮದ ಅತಿಸೂಕ್ಷ್ಮ ರಚನೆಯಲ್ಲಿ ಬೆಳಕು ಚದುರಿ ಆಗುವುದು. ಆಮೇಲೆ 102 ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ಗುತ್ತಿಯಿಂದ ಸುಮಾರು 100 ಕಿಲೋಮೀಟರ್ ದೂರದ ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಅಂದರೆ ಗುತ್ತಿ ಅದರ ಹುಟ್ಟೂರು ಆಗಿರಲಿಕ್ಕಿಲ್ಲ, ಕಾಡಿನ ಮರದ ಜೊತೆ ರೈಲಿನಲ್ಲಿ ಅಲ್ಲಿಗೆ ಬಂದಿರಬೇಕು. ಆದರೂ ದಾಖಲೆಯಲ್ಲಿ ಇಂದಿಗೂ ಗುತ್ತಿಯೇ ಇದೆ. ಅದು ಬದುಕಿರುವ ಪ್ರದೇಶ 100 ಚದರ ಕಿಲೋಮೀಟರಿಗಿಂತ ಕಡಿಮೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟ 2008ರಲ್ಲಿ ಅದನ್ನು ಅಳಿವಿನ ಅತಿ ಹತ್ತಿರದ ಜೀವಿಗಳ ಪಟ್ಟಿಗೆ ಸೇರಿಸಿತು.

ಕಾಡು ಕಡಿಯುವುದು ಒಂದು ಕಂಟಕವಾದರೆ, ಬಣ್ಣಕ್ಕೆ ಮರುಳಾಗಿ ಪಂಜರದಲ್ಲಿ ಸಾಕುವವರ ವ್ಯಾಪಾರ ಇನ್ನೊಂದು. 2019ರಲ್ಲಿ ಇಡೀ ಪೊಸಿಲೊಥೀರಿಯ ಕುಲವನ್ನು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಗೆ ಸೇರಿಸಲಾಯಿತು. ವಿಂಗಡಣೆಯ ಬೆಲೆ ತಿಳಿಯುವುದು ಇಲ್ಲಿ. ಹೆಸರಿಲ್ಲದ ಜೀವಿಯನ್ನು ಯಾವ ಪಟ್ಟಿಗೂ ಸೇರಿಸಲಾಗದು. ಪಟ್ಟಿಯಲ್ಲಿಲ್ಲದ್ದನ್ನು ಕಾನೂನು ಕಾಯದು. ನಮ್ಮ ಘಟ್ಟಗಳಲ್ಲಿ ಹೆಸರಾಗುವ ಮೊದಲೇ ಪೊರಕೆಯ ಏಟಿಗೆ ಹೋಗುವವು ಇರಬಹುದು.

ಸದಸ್ಯರಲ್ಲಿ ವಿನಂತಿ

1. ಜೇಡವನ್ನು ಕೊಲ್ಲಬೇಡಿ. ಅಗಲ ಬಾಯಿಯ ಡಬ್ಬಿ ಕವುಚಿ, ಕೆಳಗೆ ರಟ್ಟು ತೂರಿಸಿ, ಹೊರಗೆ ಮರದ ಬುಡದಲ್ಲಿ ಬಿಡಿ. ಬರಿಗೈಯಲ್ಲಿ ಮುಟ್ಟಬೇಡಿ.

2. ಈ ಕುಟುಂಬದ ಕಡಿತದಿಂದ ಮನುಷ್ಯ ಸತ್ತದ್ದಕ್ಕೆ ಖಚಿತ ದಾಖಲೆಯಿಲ್ಲ. ಆದರೆ ಪೊಸಿಲೊಥೀರಿಯ ಕಚ್ಚಿದರೆ ಬಹಳ ನೋವು, ದಿನಗಟ್ಟಲೆ ಸ್ನಾಯು ಸೆಳೆತ ಬರಬಹುದು. ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ, ತೊಳೆದು ಆಸ್ಪತ್ರೆಗೆ ಹೋಗಿ. ಕತ್ತಲಲ್ಲಿ ಕಚ್ಚಿದ್ದು ಜೇಡವೋ ಹಾವೋ ಗೊತ್ತಿಲ್ಲದಿದ್ದರೆ ಹಾವೆಂದೇ ತಿಳಿದು ತಡಮಾಡದೆ ಹೊರಡಿ.

3. ಫೋಟೊ ತೆಗೆಯುವುದಾದರೆ ಮೇಲಿನಿಂದ ಒಂದು, ಸಾಧ್ಯವಾದರೆ ಕಾಲಿನ ಒಳಮೈ ಕಾಣುವಂತೆ ಒಂದು ತೆಗೆಯಿರಿ. ದಿನಾಂಕ, ತಾಲ್ಲೂಕು, ಮರದ ಮೇಲೋ ನೆಲದ ಬಿಲದಲ್ಲೋ ಎಂಬುದನ್ನು ಬರೆಯಿರಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಲ್ಲಿ ಹಾಕಿದರೆ ತಿಳಿದವರು ನೋಡುತ್ತಾರೆ.

4. ನಿಖರವಾದ ಜಾಗವನ್ನು ವಾಟ್ಸಾಪಿನಲ್ಲಿ ಹಾಕಬೇಡಿ. ಹಿಡಿದು ಮಾರುವವರೂ ಓದುತ್ತಾರೆ.

5. ತೋಟದಲ್ಲಿ ಪೊಟರೆ ಬಿದ್ದ ಹಳೆಯ ಮರವಿದ್ದರೆ, ಅಪಾಯವಿಲ್ಲದ ಪಕ್ಷದಲ್ಲಿ ಹಾಗೆಯೇ ಬಿಡಿ.

6. ನಿಮ್ಮೂರಿನ ಕನ್ನಡದಲ್ಲಿ, ಬಡಗ ನುಡಿಯಲ್ಲಿ, ತುಳುವಿನಲ್ಲಿ ಈ ದೊಡ್ಡ ಜೇಡಕ್ಕೆ ಏನೆನ್ನುತ್ತಾರೆ ಎಂದು ಹಿರಿಯರನ್ನು ಕೇಳಿ ಬರೆದು ಕಳಿಸಿ. ಲ್ಯಾಟಿನ್ ಹೆಸರು ಬರ್ನ್ ನಗರದ ಪಟ್ಟಿಯಲ್ಲಿ ಭದ್ರವಾಗಿದೆ. ನಮ್ಮ ಹೆಸರುಗಳನ್ನು ಬರೆದಿಡುವವರು ನಾವೇ. ಬಂದ ಹೆಸರುಗಳನ್ನು ಊರುವಾರು ಪಟ್ಟಿ ಮಾಡಿ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

ಇತಿ,
ಕಾರ್ಯದರ್ಶಿ