ಪಗಾರ ಹೆಚ್ಚಿಸಿದರೆ ಪೊಲೀಸರ ಕೆಲಸ ಸುಧಾರಿಸೀತೇ?

ಡೊಂಬಿವಲಿಯಿಂದ ಬೆಳಗ್ಗೆ ಹೊರಡುವ ಫಾಸ್ಟ್ ಲೋಕಲ್‌ನಲ್ಲಾಗಲಿ, ವಾಶಿಯ ಹೊಟೇಲೊಂದರ ಗಲ್ಲಾದ ಬಳಿಯಾಗಲಿ, ಸಂಘದ ಮಹಾಸಭೆ ಮುಗಿದ ನಂತರದ ಚಹಾಕೂಟದಲ್ಲಾಗಲಿ, ಪೊಲೀಸರ ವಿಷಯ ಬಂತೆಂದರೆ ಚರ್ಚೆ ಒಂದೇ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ‘ಅವರಿಗೆ ಸಿಗುವ ಪಗಾರವಾದರೂ ಎಷ್ಟು? ಅಷ್ಟರಲ್ಲಿ ಸಂಸಾರ ನಡೆಸುವುದು ಹೇಗೆ? ಅದಕ್ಕೇ ಕೈ ಚಾಚುತ್ತಾರೆ, ಅದಕ್ಕೇ ಕೆಲಸದಲ್ಲಿ ಮನಸ್ಸಿಲ್ಲ’ ಎಂಬುದು ಆ ತೀರ್ಮಾನ. ಕೇಳುವುದಕ್ಕೆ ಸರಿಯೆನಿಸುವ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಯಾವುದೆಂದು ತಿಳಿದುಕೊಳ್ಳುವುದು ಥಾಣೆ, ಕಲ್ಯಾಣ್, ಡೊಂಬಿವಲಿ, ನವಿಮುಂಬಯಿ ಪರಿಸರದ ತುಳು-ಕನ್ನಡಿಗರಿಗೆ ಅಗತ್ಯವಾಗಿದೆ. ಹೊಟೇಲು ನಡೆಸುವವರು, ಅಂಗಡಿ ಇಟ್ಟವರು, ರಾತ್ರಿಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಮರಳುವ ಹೆಣ್ಣುಮಕ್ಕಳು, ಮಕ್ಕಳು ವಿದೇಶದಲ್ಲಿರುವ ಹಿರಿಯ ದಂಪತಿಗಳು ಒಂದಲ್ಲ ಒಂದು ದಿನ ಠಾಣೆಯ ಮೆಟ್ಟಿಲು ಹತ್ತಬೇಕಾದವರೇ.

ಪಗಾರದ ಲೆಕ್ಕ

ಥಾಣೆ ಪೊಲೀಸ್ ಕಮಿಷನರೇಟ್ ಸ್ಥಾಪನೆಯಾದದ್ದು 1981ರಲ್ಲಿ. ಕಲ್ಯಾಣ್, ಡೊಂಬಿವಲಿ, ಉಲ್ಲಾಸನಗರ, ಭಿವಂಡಿಗಳು ಇದರ ವ್ಯಾಪ್ತಿಗೆ ಸೇರುತ್ತವೆ. ನವಿಮುಂಬಯಿಗೆ ಪ್ರತ್ಯೇಕ ಕಮಿಷನರೇಟ್ ಬಂದದ್ದು 1994ರಲ್ಲಿ. ರಾಮನಗರ, ಮಾನ್ಪಾಡಾ, ಕೋಳಸೇವಾಡಿ, ನೌಪಾಡಾ, ನೆರೂಲ್, ಹೀಗೆ ಯಾವ ಠಾಣೆಗೆ ಹೋದರೂ ಅಲ್ಲಿನ ಪೊಲೀಸ್ ಶಿಪಾಯಿಯ ವೇತನ ಶ್ರೇಣಿ ಒಂದೇ. ಆರನೇ ವೇತನ ಆಯೋಗದ ಕಾಲದಲ್ಲಿ ಅದು 5,200-20,200 ರೂ. ಹಾಗೂ 2,000 ರೂ. ಗ್ರೇಡ್ ಪೇ ಆಗಿತ್ತು. ಮಹಾರಾಷ್ಟ್ರ ಸರಕಾರ 2019ರಲ್ಲಿ ಜಾರಿಗೊಳಿಸಿದ ಏಳನೇ ವೇತನ ಆಯೋಗದಂತೆ ಅದು 21,700-69,100 ರೂ. ಆಯಿತು. ಇದಕ್ಕೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಇತ್ಯಾದಿಗಳು ಸೇರುತ್ತವೆ.

ಹೊಟ್ಟೆಗಿಲ್ಲದಂಥ ಪಗಾರ ಇದಲ್ಲ. ಖಾಸಗಿ ಕಂಪೆನಿಗಳಲ್ಲಿ ಇದಕ್ಕಿಂತ ಕಡಿಮೆಗೆ ದುಡಿಯುವ ಪದವೀಧರರು ಇದೇ ಊರುಗಳಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಮನೆಯ ಲೆಕ್ಕ ಬೇರೆಯೇ ಇದೆ. ಈ ಶ್ರೇಣಿ ಬಂದಾಗ ಮಹಾನಗರ ಪ್ರದೇಶಕ್ಕೆ ನಿಗದಿಯಾದ ಬಾಡಿಗೆ ಭತ್ಯೆ ಮೂಲವೇತನದ ಶೇ. 24. ಹೊಸದಾಗಿ ಸೇರಿದ ಶಿಪಾಯಿಗೆ ಅದು ತಿಂಗಳಿಗೆ ಸುಮಾರು 5,200 ರೂ. ಆ ಮೊತ್ತಕ್ಕೆ ಡೊಂಬಿವಲಿಯಲ್ಲಿ ಒಂದು ರೂಮ್-ಕಿಚನ್ ಸಿಗುವುದೂ ಕಷ್ಟ. ಪೊಲೀಸರ ವಸತಿಗೆಂದೇ ರಾಜ್ಯದಲ್ಲಿ 1974ರಿಂದ ಪ್ರತ್ಯೇಕ ನಿಗಮವಿದ್ದರೂ ಎಲ್ಲರಿಗೂ ಕ್ವಾರ್ಟರ್ಸ್ ಸಿಕ್ಕಿಲ್ಲ. ಮುಂಬಯಿಯಲ್ಲಿ ಕರ್ತವ್ಯ, ಕಲ್ಯಾಣ್, ಬದ್ಲಾಪುರ ಅಥವಾ ಪನ್ವೇಲ್‌ನಲ್ಲಿ ಮನೆ ಎಂಬ ಸ್ಥಿತಿ ಪೊಲೀಸರದ್ದೂ ಹೌದು. ಹನ್ನೆರಡು ತಾಸು ನಿಂತು ಕೆಲಸ ಮಾಡಿ, ಮತ್ತೆ ಲೋಕಲ್‌ನಲ್ಲಿ ನಿಂತುಕೊಂಡೇ ಮನೆ ಸೇರುವ ಮನುಷ್ಯನಿಂದ ಮರುದಿನ ನಗುಮುಖದ ಸೇವೆ ಬಯಸುವುದು ಸುಲಭ. ಅದನ್ನು ಪಡೆಯುವುದು ಅಷ್ಟು ಸುಲಭವಲ್ಲ.

ಅಸಮಾಧಾನ ಕಟ್ಟೆಯೊಡೆದಾಗ

ಪೊಲೀಸರ ಅಹವಾಲನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿ 1982ರಲ್ಲಿ ಕಣ್ಣಾರೆ ಕಂಡಿದೆ. ದತ್ತಾ ಸಾಮಂತ್ ನೇತೃತ್ವದ ಗಿರಣಿ ಮುಷ್ಕರ ನಡೆಯುತ್ತಿದ್ದ ವರ್ಷವದು. ವೇತನ, ವಸತಿ, ಕೆಲಸದ ಸ್ಥಿತಿಗತಿಗಳ ಬಗ್ಗೆ ಅಸಮಾಧಾನಗೊಂಡಿದ್ದ ಪೊಲೀಸರು ಸ್ವಾತಂತ್ರ್ಯೋತ್ಸವದಂದು ಕಪ್ಪುಪಟ್ಟಿ ಧರಿಸಿದರು. ಬಾಬಾಸಾಹೇಬ್ ಭೋಸಲೆ ಸರಕಾರ ಪೊಲೀಸ್ ಸಂಘಟನೆಯ ಮಾನ್ಯತೆ ರದ್ದುಗೊಳಿಸಿ ಮುಖಂಡರನ್ನು ಬಂಧಿಸಿತು. ಆಗಸ್ಟ್ 18ರಂದು ಪೊಲೀಸರೇ ಬೀದಿಗಿಳಿದರು. ನಗರ ಗಲಭೆಯಲ್ಲಿ ಮುಳುಗಿತು. ಶಾಂತಿ ಸ್ಥಾಪನೆಗೆ ಕೇಂದ್ರೀಯ ಪಡೆಗಳನ್ನೂ ಸೇನೆಯನ್ನೂ ಕರೆಸಬೇಕಾಯಿತು.

ತಾಯ್ನಾಡಿನಲ್ಲೂ ಇಂಥದೇ ಅಸಮಾಧಾನ 2016ರಲ್ಲಿ ಹೊರಬಿತ್ತು. ವೇತನ ತಾರತಮ್ಯ ಮತ್ತು ರಜೆಯ ಕೊರತೆಯನ್ನು ಮುಂದಿಟ್ಟು ಜೂನ್ 4ರಂದು ಸಾಮೂಹಿಕ ರಜೆ ಹಾಕಲು ಕರ್ನಾಟಕದ ಪೊಲೀಸರಿಗೆ ಕರೆ ಹೋಗಿತ್ತು. ಸರಕಾರ ಕಠಿಣ ಕ್ರಮ ಕೈಗೊಂಡು ಸಂಘಟನೆಯ ನಾಯಕನನ್ನು ಬಂಧಿಸಿತು. ಬಹುಪಾಲು ಸಿಬ್ಬಂದಿ ಕೆಲಸಕ್ಕೆ ಹಾಜರಾದರು. ಆದರೆ ಬೇಡಿಕೆಯನ್ನು ತಳ್ಳಿಹಾಕಲಾಗಲಿಲ್ಲ. ಹಿರಿಯ ಐಪಿಎಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅಧ್ಯಕ್ಷತೆಯ ಸಮಿತಿ ವೇತನ ಪರಿಷ್ಕರಣೆಗೆ ಶಿಫಾರಸು ಮಾಡಿತು. ಅದು ಜಾರಿಗೆ ಬಂದದ್ದು ಮೂರು ವರ್ಷಗಳ ಬಳಿಕ, 2019ರ ಆಗಸ್ಟ್ 1ರಿಂದ. ಪೊಲೀಸರು ಇತರ ನೌಕರರಂತೆ ಯೂನಿಯನ್ ಕಟ್ಟಿ ಮುಷ್ಕರ ಹೂಡುವಂತಿಲ್ಲ. 1966ರ ಕಾನೂನು ಅದಕ್ಕೆ ನಿರ್ಬಂಧ ಹೇರಿದೆ. ಹಾಗಾಗಿ ಅವರ ಅಹವಾಲನ್ನು ತಾನಾಗಿಯೇ ಕೇಳಿಸಿಕೊಳ್ಳುವ ಹೊಣೆ ಸರಕಾರದ ಮೇಲಿದೆ.

ಎರಡು ದೇಶ, ಎರಡು ಪಾಠ

ಪಗಾರಕ್ಕೂ ಪೊಲೀಸರ ಕೆಲಸಕ್ಕೂ ಇರುವ ನಂಟನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಪೊಲೀಸರ ವೇತನ ವಿವಾದ ಮಧ್ಯಸ್ಥರ ಮುಂದೆ ಹೋಗುತ್ತಿತ್ತು. ಪೊಲೀಸರು ಕೇಳಿದ ಅಂಕಿ, ಆಡಳಿತ ಹೇಳಿದ ಅಂಕಿ, ಇವೆರಡರಲ್ಲಿ ಒಂದನ್ನು ಮಧ್ಯಸ್ಥರು ಆರಿಸಬೇಕಿತ್ತು. ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಮಾಸ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪೊಲೀಸರು ಸೋತ ಊರುಗಳಲ್ಲಿ ಗೆದ್ದ ಊರುಗಳಿಗಿಂತ ಬಂಧನಗಳು ಕಡಿಮೆಯಾದವು, ಅಪರಾಧ ದೂರುಗಳು ಹೆಚ್ಚಿದವು. ಇಲ್ಲಿ ಯಾರ ಪಗಾರವನ್ನೂ ಇಳಿಸಿರಲಿಲ್ಲ, ನಿರೀಕ್ಷಿಸಿದಷ್ಟು ಏರಲಿಲ್ಲ ಅಷ್ಟೇ. ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಅಂತರ ಹೆಚ್ಚಿದಷ್ಟೂ ಕೆಲಸ ಕುಸಿಯಿತು. ಕೈಗೆ ಬಂದ ಹಣಕ್ಕಿಂತ ‘ನಮಗೆ ಅನ್ಯಾಯವಾಯಿತು’ ಎಂಬ ಭಾವನೆ ದೊಡ್ಡದು ಎಂಬುದು ಇದರ ಪಾಠ.

ಇನ್ನೊಂದು ಪಾಠ ಆಫ್ರಿಕದ ಘಾನಾ ದೇಶದ್ದು. ಅಲ್ಲಿನ ಸರಕಾರ 2010ರಲ್ಲಿ ಪೊಲೀಸರ ಸಂಬಳವನ್ನು ಒಮ್ಮೆಲೇ ಸುಮಾರು ಇಮ್ಮಡಿ ಮಾಡಿತು. ಲಂಚ ನಿಲ್ಲಬಹುದೆಂಬ ಆಶಯ ಅದರ ಹಿಂದಿತ್ತು. ಹೆದ್ದಾರಿಯಲ್ಲಿ ಸರಕು ಲಾರಿಗಳಿಂದ ವಸೂಲಾಗುವ ಹಣದ ಲೆಕ್ಕವನ್ನು ಸಂಬಳ ಏರಿಕೆಗೆ ಮುಂಚೆ ಮತ್ತು ಅನಂತರ ಸಂಶೋಧಕರು ಹೋಲಿಸಿದರು. ವಸೂಲಿ ಇಳಿಯುವ ಬದಲು ಏರಿತ್ತು! ಹಿಡಿಯುವವರು, ಕೇಳುವವರು ಇಲ್ಲದಿದ್ದರೆ ಪಗಾರ ಎಷ್ಟಾದರೂ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಾಗಿಲ್ಲ.

ಬದ್ಲಾಪುರದ ನೋವು

ವಿದೇಶದ ಉದಾಹರಣೆ ಬಿಟ್ಟು ಸಮೀಪಕ್ಕೆ ಬಂದರೆ, ಕಲ್ಯಾಣ್‌ನಿಂದ ಕೆಲವೇ ನಿಲ್ದಾಣಗಳಾಚೆಯ ಬದ್ಲಾಪುರದಲ್ಲಿ 2024ರ ಆಗಸ್ಟ್‌ನಲ್ಲಿ ನಡೆದದ್ದು ಯಾರೂ ಮರೆಯುವಂಥದ್ದಲ್ಲ. ಶಾಲೆಯೊಂದರಲ್ಲಿ ಇಬ್ಬರು ಪುಟ್ಟ ಬಾಲಕಿಯರ ಮೇಲೆ ಲೈಂಗಿಕ ದೌರ್ಜನ್ಯ ನಡೆದ ದೂರು ಹೊತ್ತು ಬಂದ ಹೆತ್ತವರನ್ನು ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಿಸಲಾಯಿತು ಎಂಬ ಆರೋಪ ಕೇಳಿಬಂತು. ಆಗಸ್ಟ್ 20ರಂದು ಜನ ಹಳಿಯ ಮೇಲೆ ಕುಳಿತರು. ಇಡೀ ದಿನ ರೈಲು ಸಂಚಾರ ಸ್ತಬ್ಧವಾಯಿತು. ಮೂವರು ಪೊಲೀಸರನ್ನು ಅಮಾನತುಗೊಳಿಸುವ ಆದೇಶ ಹೊರಟಿತು. ಬಾಂಬೆ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಪೊಲೀಸರನ್ನು ತರಾಟೆಗೆ ತೆಗೆದುಕೊಂಡಿತು.

ಆ ಠಾಣೆಯವರ ಪಗಾರ ಬೇರೆ ಠಾಣೆಯವರಿಗಿಂತ ಕಡಿಮೆ ಇರಲಿಲ್ಲ. ದೂರು ಬರೆದುಕೊಳ್ಳಲು ಹೆಚ್ಚುವರಿ ಖರ್ಚೂ ಇರಲಿಲ್ಲ. ಅದೇ ಪಗಾರದ ಪಡೆಯಲ್ಲಿ 2008ರ ನವೆಂಬರ್ 26ರ ರಾತ್ರಿ ಗಿರ್ಗಾಂವ್ ಚೌಪಾಟಿಯಲ್ಲಿ ಕೈಯಲ್ಲೊಂದು ಲಾಠಿ ಹಿಡಿದು ಕಸಬ್‌ನ ಬಂದೂಕಿಗೆ ಎದೆಯೊಡ್ಡಿದ ತುಕಾರಾಮ್ ಓಂಬಳೆ ಅವರಂಥವರೂ ಇದ್ದರು. ಅವರಿಗೆ ಮರಣೋತ್ತರ ಅಶೋಕಚಕ್ರ ಸಂದಿತು. ಪಗಾರವೇ ಎಲ್ಲವನ್ನೂ ನಿರ್ಧರಿಸುವುದಾದರೆ ಈ ವ್ಯತ್ಯಾಸಕ್ಕೆ ಉತ್ತರವಿಲ್ಲ.

ಗಡಿಯಾರವೂ ಮುಖ್ಯ

ಪೊಲೀಸ್ ಸಂಶೋಧನಾ ಮತ್ತು ಅಭಿವೃದ್ಧಿ ಬ್ಯೂರೋಗಾಗಿ 2014ರಲ್ಲಿ ಸಿದ್ಧವಾದ ರಾಷ್ಟ್ರೀಯ ಅಧ್ಯಯನವೊಂದು, ಠಾಣೆಗಳ ಸುಮಾರು ಶೇ. 90 ಸಿಬ್ಬಂದಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯುತ್ತಾರೆ ಎಂದಿತ್ತು. ಗಣೇಶೋತ್ಸವ, ದಹಿಹಂಡಿ, ಚುನಾವಣೆ, ವಿಐಪಿ ಬಂದೋಬಸ್ತ್ ಎಂದರೆ ವಾರದ ರಜೆಯೂ ಇಲ್ಲ. ಮುಂಬಯಿಯ ದೇವನಾರ್ ಠಾಣೆಯ ಸಿಬ್ಬಂದಿಯೊಬ್ಬರು ಎಂಟು ಗಂಟೆಯ ಪಾಳಿಯ ಯೋಜನೆಯೊಂದನ್ನು ತಾವೇ ಬರೆದು ಅಂದಿನ ಕಮಿಷನರ್ ದತ್ತಾ ಪಡಸಲಗೀಕರ್ ಅವರ ಮುಂದಿಟ್ಟರು. 2016ರ ಮೇ ತಿಂಗಳಲ್ಲಿ ಆ ಠಾಣೆಯಲ್ಲಿ ಅದರ ಪ್ರಯೋಗ ನಡೆಯಿತು, ಮುಂದೆ ನಗರದ ಇತರೆಡೆಗೂ ಹಬ್ಬಿತು. ಪಗಾರ ಒಂದು ರೂಪಾಯಿ ಹೆಚ್ಚದೆಯೂ ಪೊಲೀಸ್ ಕುಟುಂಬಗಳು ಇದನ್ನು ಸ್ವಾಗತಿಸಿದ್ದವು.

ರಾಜಸ್ಥಾನದಲ್ಲಿ 2005ರಿಂದ 2008ರ ವರೆಗೆ 11 ಜಿಲ್ಲೆಗಳ 162 ಠಾಣೆಗಳಲ್ಲಿ ನಡೆದ ಪ್ರಯೋಗವೂ ಗಮನಾರ್ಹ. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಹಾಗೂ ಐಪಿಎಸ್ ಅಧಿಕಾರಿ ನೀನಾ ಸಿಂಗ್ ಇದರಲ್ಲಿದ್ದರು. ಸಿಬ್ಬಂದಿಗೆ ಉತ್ತಮ ತರಬೇತಿ ಕೊಟ್ಟದ್ದು, ಮನಬಂದಂತೆ ವರ್ಗಾವಣೆ ನಿಲ್ಲಿಸಿದ್ದು ಫಲ ನೀಡಿತು. ವಾರದ ರಜೆಯಂಥ ಒಳ್ಳೆಯ ಕ್ರಮಗಳು ಮಾತ್ರ ಠಾಣಾಧಿಕಾರಿಗಳು ಸರಿಯಾಗಿ ಪಾಲಿಸದೆ ಕಾಗದದಲ್ಲೇ ಉಳಿದವು. ದೂರುದಾರರ ವೇಷದಲ್ಲಿ ಪರೀಕ್ಷೆಗೆ ಜನ ಬರುತ್ತಾರೆಂದು ಗೊತ್ತಾದ ಮೇಲೆ ದೂರು ಬರೆದುಕೊಳ್ಳುವುದೂ ಸುಧಾರಿಸಿತು.

ಬ್ಯಾಂಕಿನ ಕ್ಯಾಶ್ ಕೌಂಟರ್ ಕಲಿಸುವುದು

ಬ್ಯಾಂಕ್ ನೌಕರರಿಗೂ ಒಂದು ಕಾಲದಲ್ಲಿ ಪಗಾರ ಅಲ್ಪವೇ ಇತ್ತು. 1966ರ ಮೊದಲ ದ್ವಿಪಕ್ಷೀಯ ಒಪ್ಪಂದದ ಬಳಿಕ ಹಂತಹಂತವಾಗಿ ಅದು ಸುಧಾರಿಸಿತು. ಆದರೆ ದಿನಕ್ಕೆ ಲಕ್ಷಗಟ್ಟಲೆ ಎಣಿಸುವ ಕ್ಯಾಶಿಯರನ ಕೈ ಶುದ್ಧವಾಗಿರಲು ಪಗಾರವೊಂದನ್ನೇ ಯಾವ ಬ್ಯಾಂಕೂ ನಂಬಿ ಕುಳಿತಿಲ್ಲ. ಸ್ಟ್ರಾಂಗ್‌ರೂಮಿಗೆ ಇಬ್ಬರ ಕೈಯಲ್ಲಿ ಬೇರೆ ಬೇರೆ ಬೀಗದ ಕೈ, ಸಂಜೆ ನಗದು ತಾಳೆ, ಒಬ್ಬ ಬರೆದ ವೋಚರಿಗೆ ಇನ್ನೊಬ್ಬನ ಸಹಿ, ಆಗಾಗ ಮೇಜಿನ ಬದಲಾವಣೆ, ಹೇಳದೆ ಬರುವ ಇನ್‌ಸ್ಪೆಕ್ಷನ್ ಇವೆಲ್ಲ ಇವೆ. ಇದು ಅಪನಂಬಿಕೆಯಲ್ಲ. ಪ್ರಾಮಾಣಿಕನಿಗೂ ಇದೇ ರಕ್ಷಣೆ, ಏಕೆಂದರೆ ತಾಳೆಯಾದ ಲೆಕ್ಕದ ಮೇಲೆ ಯಾರೂ ಬೊಟ್ಟು ಮಾಡಲಾರರು. ಪೊಲೀಸ್ ಇಲಾಖೆಗೂ ಇಂಥ ‘ಸಂಜೆಯ ತಾಳೆ’ ಬೇಕು. ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ನಿಗದಿತ ಅಧಿಕಾರಾವಧಿ, ದೂರು ಪ್ರಾಧಿಕಾರ ಇತ್ಯಾದಿಗಳಿಗೆ ಆದೇಶಿಸಿದ್ದು ಇದೇ ಉದ್ದೇಶದಿಂದ. ಮಹಾರಾಷ್ಟ್ರವೂ 2014ರ ತಿದ್ದುಪಡಿ ಮೂಲಕ ಪೊಲೀಸ್ ದೂರು ಪ್ರಾಧಿಕಾರಕ್ಕೆ ಅವಕಾಶ ಕಲ್ಪಿಸಿದೆ.

ನಾಗರಿಕರ ಪಾಲು

ಇನ್ನೊಂದು ಕಹಿಸತ್ಯವನ್ನೂ ಹೇಳಲೇಬೇಕು. ಕೈ ಚಾಚುವವನಿದ್ದರೆ ಆ ಕೈಗೆ ಹಾಕುವವನೂ ಇದ್ದಾನೆ. ರಾತ್ರಿ ಅರ್ಧಗಂಟೆ ಹೆಚ್ಚು ಹೊಟೇಲು ತೆರೆದಿಡಲು, ಫುಟ್‌ಪಾತಿನಲ್ಲಿ ನಾಲ್ಕು ಟೇಬಲು ಹಾಕಲು ಕೊಡುವ ಹಫ್ತಾ ಬಡ ಪೊಲೀಸನ ಮೇಲಿನ ಕನಿಕರದಿಂದ ಕೊಡುವುದಲ್ಲ, ಸ್ವಂತ ಅನುಕೂಲಕ್ಕಾಗಿ ಕೊಡುವುದು. ಭ್ರಷ್ಟಾಚಾರ ನಿಗ್ರಹ ಕಾಯಿದೆಗೆ 2018ರಲ್ಲಿ ಆದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಲುಕಿ ಕೊಟ್ಟವರು ಏಳು ದಿನಗಳೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ತಿಳಿಸಿದರೆ ಅವರಿಗೆ ರಕ್ಷಣೆ ಇದೆ. ಹಣ ಕೊಡುವ ಮೊದಲೇ ಭ್ರಷ್ಟಾಚಾರ ನಿಗ್ರಹ ದಳದ 1064 ಸಂಖ್ಯೆಗೆ ಕರೆ ಮಾಡುವುದು ಇನ್ನೂ ಉತ್ತಮ.

ಠಾಣೆಗೆ ಹೋಗುವವರು ತಮ್ಮ ಹಕ್ಕನ್ನೂ ತಿಳಿದಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ವಾರಂಟಿಲ್ಲದೆ ಬಂಧಿಸಬಹುದಾದಂಥ ಅಪರಾಧದ ದೂರನ್ನು, ಅದು ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ, ದಾಖಲಿಸಿಕೊಳ್ಳಬೇಕು. ಥಾಣೆ ಮತ್ತು ಡೊಂಬಿವಲಿಯ ನಡುವೆ ಲೋಕಲ್‌ನಲ್ಲಿ ಮೊಬೈಲು ಕಳವಾದರೆ ‘ಇದು ನಮ್ಮ ಹದ್ದಿನಲ್ಲಲ್ಲ’ ಎಂದು ಸಾಗಹಾಕುವಂತಿಲ್ಲ. ಇಮೇಲ್‌ನಂಥ ಮಾಧ್ಯಮದ ಮೂಲಕ ದೂರು ಕಳುಹಿಸಿದರೆ ಮೂರು ದಿನಗಳೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯವರು ನಿರಾಕರಿಸಿದರೆ ದೂರನ್ನು ಹಿರಿಯ ಅಧಿಕಾರಿಗೆ ಬರಹದಲ್ಲಿ ಕಳುಹಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬಹುದು. ತುರ್ತು ನೆರವಿಗೆ 112, ಆನ್‌ಲೈನ್ ವಂಚನೆಗೆ 1930. ಕನ್ನಡ ಸಂಘಗಳು ತಮ್ಮ ವಾರ್ಷಿಕೋತ್ಸವಕ್ಕೆ ಪೊಲೀಸ್ ಅಧಿಕಾರಿಯನ್ನು ಕರೆದು ಶಾಲು ಹೊದೆಸುವುದರ ಜೊತೆಗೆ, ಮಹಿಳೆಯರಿಗೂ ಹಿರಿಯರಿಗೂ ಈ ಮಾಹಿತಿ ನೀಡುವ ಒಂದು ಸಂಜೆಯನ್ನು ಏರ್ಪಡಿಸಿದರೆ ಅದು ನಿಜವಾದ ಸಮಾಜಸೇವೆಯಾದೀತು.

ಪೊಲೀಸರಿಗೆ ಮರ್ಯಾದೆಯಿಂದ ಬದುಕುವಷ್ಟು ಪಗಾರ, ತಲೆಯ ಮೇಲೊಂದು ಸೂರು, ವಾರಕ್ಕೊಂದು ರಜೆ ಸಿಗಲೇಬೇಕು. ಅದು ಭಿಕ್ಷೆಯಲ್ಲ, ಅವರ ಹಕ್ಕು. ಆದರೆ ‘ಪಗಾರ ಕಡಿಮೆ’ ಎಂಬ ಮಾತು ದೂರು ಬರೆದುಕೊಳ್ಳದ ಠಾಣಾಧಿಕಾರಿಗೆ ನೆಪವಾಗಬಾರದು, ಹಫ್ತಾ ಕೊಡುವ ವ್ಯಾಪಾರಿಗೆ ಸಮಾಧಾನವೂ ಆಗಬಾರದು. ನ್ಯಾಯವಾದ ಪಗಾರವನ್ನು ಸರಕಾರ ಕೊಡಲಿ, ನ್ಯಾಯವಾದ ಲೆಕ್ಕವನ್ನು ಜನ ಕೇಳಲಿ. ಇವೆರಡೂ ಜೊತೆಜೊತೆಯಾಗಿ ನಡೆದಾಗ ಮಾತ್ರ ರಾತ್ರಿಯ ಕೊನೆಯ ಲೋಕಲಿನಿಂದ ಇಳಿಯುವ ಹೆಣ್ಣುಮಗಳು ಪ್ಲಾಟ್‌ಫಾರ್ಮಿನಲ್ಲಿ ಖಾಕಿ ಕಂಡು ಧೈರ್ಯಗೊಂಡಾಳು.