ಕೂತಲ್ಲಿ ಕೂರದ ಮಕ್ಕಳು

'ಇವನು ಕೂತಲ್ಲಿ ಕೂರಲ್ಲ, ಒಂದು ಕೆಲಸನೂ ಮುಗಿಸಲ್ಲ.' ಯಲಹಂಕದ ಅಪಾರ್ಟ್‌ಮೆಂಟಿನಲ್ಲಿ ಈ ದೂರು ಎದ್ದರೆ ಮಗು ಆಪ್ತಸಮಾಲೋಚಕರ ಬಳಿಗೆ ಹೋಗುತ್ತದೆ. ಯಶವಂತಪುರದ ಕೂಲಿ ಕುಟುಂಬದಲ್ಲಿ ಎದ್ದರೆ ಬಹುಪಾಲು ಏಟು ಬೀಳುತ್ತದೆ, ಶಾಲೆಯಲ್ಲಿ ಕೊನೆಯ ಬೆಂಚು ಸಿಗುತ್ತದೆ.

ತೊಂದರೆ ಮಾತ್ರ ಬಡಾವಣೆ ನೋಡಿ ಬರುವುದಿಲ್ಲ. ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಕೊಳೆಗೇರಿ ಮತ್ತು ಹಳ್ಳಿಗಳ 2,064 ಮಕ್ಕಳ ಮೇಲೆ ನಡೆದ ಅಧ್ಯಯನವೊಂದನ್ನು ನಿಮ್ಹಾನ್ಸ್ ತಜ್ಞರು 2005ರಲ್ಲಿ ಪ್ರಕಟಿಸಿದರು. 4ರಿಂದ 16 ವರ್ಷದವರಲ್ಲಿ ಶೇ 12ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿತ್ತು. ಹೆಚ್ಚಾಗಿ ಕಂಡವುಗಳಲ್ಲಿ ಅತಿಚಟುವಟಿಕೆಯೂ ಒಂದು. ಒಟ್ಟು ಪ್ರಮಾಣದಲ್ಲಿ ಮೂರೂ ಕಡೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆದರೆ ಮಗುವಿಗೆ ತೊಂದರೆಯಿದೆ ಎಂದು ಗುರುತಿಸಿದ್ದು ಶೇ 37.5ರಷ್ಟು ಕುಟುಂಬಗಳು ಮಾತ್ರ. ಏಟು ತಿನ್ನುವ ಮಕ್ಕಳಲ್ಲಿ, ಹೆತ್ತವರಿಗೇ ಮಾನಸಿಕ ಕಾಯಿಲೆಯಿರುವ ಮನೆಗಳಲ್ಲಿ ಸಮಸ್ಯೆ ಹೆಚ್ಚಾಗಿತ್ತು. ಬಡಿದು ಕೂರಿಸಲು ಹೊರಟವರು ಇದನ್ನು ಓದಬೇಕು.

ಗಮನ ನಿಲ್ಲದ, ಅತಿಚಟುವಟಿಕೆಯ ಈ ತೊಂದರೆಗೆ ಎಡಿಎಚ್‌ಡಿ ಎನ್ನುತ್ತಾರೆ. ಇದರಲ್ಲಿ ಆನುವಂಶೀಯತೆಯ ಪಾಲೇ ದೊಡ್ಡದು. ಅವಧಿಗೆ ಮುನ್ನ ಹುಟ್ಟುವುದು, ಕಡಿಮೆ ತೂಕ, ಸೀಸದ ಸಂಪರ್ಕ ಅಪಾಯವನ್ನು ಹೆಚ್ಚಿಸುತ್ತವೆ. ಸೀಸದ ಪೆಟ್ರೋಲು ದೇಶದಲ್ಲಿ 2000ದಲ್ಲಿ ನಿಂತಿತು. ಬಣ್ಣದಲ್ಲಿನ ಸೀಸಕ್ಕೆ ಬಿಗಿ ಮಿತಿ ಬಂದದ್ದು 2017ರಲ್ಲಿ. ಅದಕ್ಕೂ ಹಿಂದೆ ಬಳಿದ, ಈಗ ಚಕ್ಕೆ ಏಳುತ್ತಿರುವ ಗೋಡೆಗಳು ಹಾಗೇ ಇವೆ. ಹೆಬ್ಬಾಳದ ಟ್ರಾಫಿಕ್‌ಗೆ ಹೆದರಿ ಕತ್ತಲಿರುವಾಗಲೇ ಎಬ್ಬಿಸುವ ಮಗುವಿನ ನಿದ್ದೆಗೇಡೂ ಎಡಿಎಚ್‌ಡಿಯಂತೆಯೇ ಕಾಣಬಹುದು.

ವಯಸ್ಸಿನದು ಇನ್ನೊಂದು ಕಥೆ. ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಈ ಹಣೆಪಟ್ಟಿ ಬೇಗ ಬೀಳುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಕರ್ನಾಟಕ 2025–26ಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿತು. ಪೋಷಕರ ಒತ್ತಡ ಅರ್ಥವಾಗುತ್ತದೆ, ಆದರೆ ನನಗೆ ಆರು ವರ್ಷವೇ ಸರಿ.

ತೊಂದರೆಯನ್ನು ಗುರುತಿಸುವ ವ್ಯವಸ್ಥೆಯೂ ಎಲ್ಲರನ್ನೂ ತಲುಪುವುದಿಲ್ಲ. ಸರ್ಕಾರಿ ಶಾಲೆ, ಅಂಗನವಾಡಿಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಬರುತ್ತದೆ. ಆರ್.ಟಿ. ನಗರದ ಗಲ್ಲಿಗಳಲ್ಲಿರುವಂಥ ಕಡಿಮೆ ಶುಲ್ಕದ ಖಾಸಗಿ ಶಾಲೆಗಳು ಅದರ ವ್ಯಾಪ್ತಿಯಲ್ಲಿಲ್ಲ. ಊರೂರು ಬದಲಿಸುವ ಕಟ್ಟಡ ಕಾರ್ಮಿಕರ ಮಕ್ಕಳೂ ತಪ್ಪಿಹೋಗುತ್ತಾರೆ. ಕಾನೂನಿನಲ್ಲೂ ಕೊರತೆಯಿದೆ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಇಲ್ಲ. ಅದನ್ನು ಸೇರಿಸಲೇಬೇಕು.

ಚಿಕ್ಕ ಮಕ್ಕಳಿಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಹೆತ್ತವರಿಗೆ ಕೊಡುವ ತರಬೇತಿ. ಕೂಲಿ ಬಿಟ್ಟು ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.