ರೈಲ್ಸ್ ಟ್ಯೂಬಿಗೆ ಹೃದಯವೇ ದಾರಿಗುರುತು

ನುಂಗಲಾರದ ರೋಗಿಗೆ ಮೂಗಿನ ಮೂಲಕ ಜಠರದವರೆಗೆ ಇಳಿಸುವ ತೆಳು ನಳಿಕೆಯನ್ನು ನಮ್ಮ ಆಸ್ಪತ್ರೆಗಳಲ್ಲಿ ರೈಲ್ಸ್ ಟ್ಯೂಬ್ ಎನ್ನುತ್ತಾರೆ. 1921ರಲ್ಲಿ ಇದರ ಬಗ್ಗೆ ಬರೆದ ಬ್ರಿಟಿಷ್ ವೈದ್ಯ ಜಾನ್ ರೈಲ್ ಅವರ ಹೆಸರೇ ಉಳಿದುಕೊಂಡಿದೆ. ಇಂದಿಗೂ ಹೆಚ್ಚಿನ ಕಡೆ ಇದನ್ನು ಇಳಿಸುವುದು ಕೈಯ ಅಂದಾಜಿನಿಂದ. ಗಂಟಲಿನಲ್ಲಿ ಶ್ವಾಸನಾಳದ ಬಾಯಿ ಮುಂದೆ, ಅನ್ನನಾಳದ್ದು ಅದರ ಬೆನ್ನಿಗೇ ಇದೆ. ನಳಿಕೆ ದಾರಿ ತಪ್ಪಿದರೆ ಎಚ್ಚರವಿರುವವರು ಕೆಮ್ಮುತ್ತಾರೆ. ಪ್ರಜ್ಞೆ ಇಲ್ಲದವರು ಕೆಮ್ಮದೆಯೂ ಇರಬಹುದು. ಹಾಗೆ ಶ್ವಾಸಕೋಶ ಸೇರಿದ ನಳಿಕೆಗೆ ಹಾಲನ್ನೋ ಗಂಜಿಯನ್ನೋ ಹಾಕಿದರೆ ಜೀವವೇ ಹೋದೀತು.

ಗಾಳಿ ಊದಿ, ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಸದ್ದು ಕೇಳುವ ಹಳೆಯ ಪದ್ಧತಿಯನ್ನು ನೆಚ್ಚುವಂತಿಲ್ಲ. ಶ್ವಾಸಕೋಶಕ್ಕೆ ಹೊಕ್ಕ ಗಾಳಿಯ ಸದ್ದೂ ಅಲ್ಲಿಗೆ ಕೇಳಿಸುತ್ತದೆ. ಎಕ್ಸ್‌ರೇ ನಂಬಿಗಸ್ತ ಸಾಕ್ಷಿ ನಿಜ, ಆದರೆ ಅದು ಸಿಗುವುದು ನಳಿಕೆ ಇಳಿದ ಮೇಲೆ. ಇಳಿಯುತ್ತಿರುವಾಗಲೇ ಅದು ಎಲ್ಲಿದೆ ಎಂದು ತಿಳಿಯುವುದು ಹೇಗೆ?

ಇದಕ್ಕೆ ಹೃದಯದ ವಿದ್ಯುತ್ತು ನೆರವಾಗುತ್ತದೆ. ಹೃದಯದ ಎಡ ಹೃತ್ಕರ್ಣಕ್ಕೆ ತಾಗಿದಂತೆಯೇ ಅನ್ನನಾಳ ಹಾದುಹೋಗುತ್ತದೆ. 1906ರಲ್ಲಿ ಜರ್ಮನಿಯ ಮ್ಯಾಕ್ಸ್ ಕ್ರೆಮರ್, ಕತ್ತಿ ನುಂಗುವ ವೃತ್ತಿಯವನೊಬ್ಬನ ಅನ್ನನಾಳಕ್ಕೆ ವಿದ್ಯುದ್ವಾರ ಇಳಿಸಿ ಅಲ್ಲಿಂದಲೇ ಇಸಿಜಿ ದಾಖಲಿಸಿದರು. ಎಂಥ ಧೈರ್ಯದ ಪ್ರಯೋಗ! ಹೃತ್ಕರ್ಣ ಮಿಡಿಯುವಾಗ ಏಳುವ ‘ಪಿ’ ಅಲೆ ಎದೆಯ ಮೇಲಿನಿಂದ ನೋಡಿದರೆ ಪುಟ್ಟದು. ಅನ್ನನಾಳದೊಳಗಿನ ವಿದ್ಯುದ್ವಾರಕ್ಕೆ ಅದರ ಆಕಾರ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ವಿದ್ಯುತ್ತು ಹೃತ್ಕರ್ಣದಲ್ಲಿ ಮೇಲಿನಿಂದ ಕೆಳಕ್ಕೆ ಹರಿಯುವುದರಿಂದ, ವಿದ್ಯುದ್ವಾರವಿರುವ ನಳಿಕೆಯ ತುದಿ ಹೃತ್ಕರ್ಣಕ್ಕಿಂತ ಮೇಲಿದ್ದಾಗ ಅಲೆ ಕೆಳಮುಖವಾಗಿರುತ್ತದೆ. ನೇರ ಹಿಂದೆ ಬಂದಾಗ ದೊಡ್ಡದಾಗಿ ಮೇಲಕ್ಕೂ ಕೆಳಕ್ಕೂ ಜಿಗಿಯುತ್ತದೆ. ಕೆಳಗೆ ದಾಟಿದ ಮೇಲೆ ಮೇಲ್ಮುಖವಾಗುತ್ತದೆ. ನಳಿಕೆಯನ್ನು ತಳ್ಳುತ್ತಿರುವ ಕೈಗೆ ಕಾಣದ ದಾರಿಯನ್ನು ಪರದೆಯ ಮೇಲಿನ ಈ ಗೆರೆ ಹೇಳುತ್ತದೆ.

ಈ ತತ್ವ ಈಗಾಗಲೇ ಐಸಿಯುಗಳಲ್ಲಿ ಕೆಲಸಕ್ಕೆ ಬಂದಿದೆ. ಉಸಿರಾಟಕ್ಕೆ ಮುಖ್ಯವಾದ ವಪೆ ಎಂಬ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿದು ವೆಂಟಿಲೇಟರನ್ನು ನಡೆಸುವ ವಿಧಾನವೊಂದಿದೆ. ಕ್ರಿಸ್ಟರ್ ಸಿಂಡರ್‌ಬಿ ಮತ್ತು ಸಂಗಡಿಗರು 1999ರಲ್ಲಿ ಅದನ್ನು ಪ್ರಕಟಿಸಿದರು. ಇದಕ್ಕೆ ಬಳಸುವ ನಳಿಕೆಯಲ್ಲಿ ಸಾಲಾಗಿ ವಿದ್ಯುದ್ವಾರಗಳಿವೆ. ಅದೇ ನಳಿಕೆಯಲ್ಲಿ ಆಹಾರವನ್ನೂ ಕೊಡಬಹುದು. ಮೇಲಿನ ವಿದ್ಯುದ್ವಾರಗಳಲ್ಲಿ ‘ಪಿ’ ಅಲೆ ದೊಡ್ಡದಾಗಿ ಕಂಡು, ಕೆಳಗಿನವುಗಳಲ್ಲಿ ಕುಗ್ಗಿ ಮಾಯವಾದರೆ, ಮಧ್ಯದವುಗಳಲ್ಲಿ ವಪೆಯ ಸಂಕೇತ ಮೂಡಿದರೆ, ನಳಿಕೆ ಸರಿಯಾದ ಆಳದಲ್ಲಿದೆ ಎಂದರ್ಥ. ಅವಧಿಗೆ ಮುನ್ನ ಹುಟ್ಟಿದ ಪುಟ್ಟ ಕೂಸುಗಳಿಗೂ ಇದನ್ನು ಬಳಸುತ್ತಾರೆ.

ಮಿತಿಯೂ ಇದೆ. ಹೃತ್ಕರ್ಣ ಲಯ ತಪ್ಪಿ ಅದುರುವ ರೋಗಿಗಳಲ್ಲಿ ‘ಪಿ’ ಅಲೆಯೇ ಇರುವುದಿಲ್ಲ. ಉಳಿದವರಲ್ಲೂ ಅಲೆ ನೋಡಿದೆವೆಂದು ಎಕ್ಸ್‌ರೇಯನ್ನೋ, ಹೀರಿದ ದ್ರವದ ಆಮ್ಲೀಯತೆಯ ಪರೀಕ್ಷೆಯನ್ನೋ ಬಿಡಕೂಡದು.

ಮನೆಯಲ್ಲಿ ರೈಲ್ಸ್ ಟ್ಯೂಬ್ ಇರುವ ಹಿರಿಯರನ್ನು ನೋಡಿಕೊಳ್ಳುವವರು ಪ್ರತಿ ಸಲವೂ ಆಹಾರ ಕೊಡುವ ಮುನ್ನ ನಳಿಕೆಯ ಮೇಲೆ ಮೂಗಿನ ಬಳಿಯಿರುವ ಗುರುತು ನೋಡಿ. ಅದು ಸರಿದಿದ್ದರೆ, ಕೆಮ್ಮೋ ಏದುಸಿರೋ ಬಂದಿದ್ದರೆ, ಒಂದು ಚಮಚ ನೀರನ್ನೂ ಹಾಕಬೇಡಿ. ಮೊದಲು ನರ್ಸನ್ನೋ ಡಾಕ್ಟರನ್ನೋ ಕರೆಯಿರಿ.